ಮಾದೇವಿಯ ನಲವತ್ತನಾಲ್ಕು ಕೆಜಿ

ನಮ್ಮಣ್ಣನ ಮೊಮ್ಮಗಳು ಸೌಮ್ಯ ಹೋದ ತಿಂಗಳು ನಮ್ಮೂರು ನಿಡಘಟ್ಟಕ್ಕೆ ಬಂದಿದ್ದಳು. ಯಾವುದೋ ಹೆಲಿಕಾಪ್ಟರ್ ಕಂಪನಿಯಲ್ಲಿ ಸಾಮಾನು, ಜನ ಹತ್ತಿಸುವ ಕೆಲಸಕ್ಕೆ ಆಯ್ಕೆಯಾಗಿದ್ದಾಳಂತೆ. "ತಾತ, ನೀನು ಮಿಷನ್ ಆಸ್ಪತ್ರೆ ಹೆಲಿಕಾಪ್ಟರ್ ಹತ್ರ ಅಷ್ಟು ವರ್ಷ ಇದ್ಯಲ್ಲ, ಕೆಲಸ ಹೆಂಗಿರುತ್ತೆ ಹೇಳು" ಅಂದಳು. "ಏನೈತೆ ಕಣವ್ವ, ತೂಗೋದು, ಬರೆಯೋದು, ಬೆಲ್ಟ್ ಹಾಕೋದು, ಅಷ್ಟೇಯ" ಅಂದುಬಿಟ್ಟೆ. ಮದ್ದೂರಿನಲ್ಲಿ ವಡೆ ಕೊಡಿಸಿ ಬಸ್ಸು ಹತ್ತಿಸಿದೆ. ಬಸ್ಸು ಹೋದ ಮೇಲೆ ನನಗೇ ನಾಚಿಕೆಯಾಯಿತು. ಅಷ್ಟೇ ಅಲ್ಲ ಅಂತ ನನಗೆ ಗೊತ್ತಿಲ್ಲವಾ? ಅದಕ್ಕೇ ಬರೆಯುತ್ತಾ ಕೂತಿದ್ದೇನೆ. ಸೌಮ್ಯ ಒಬ್ಬಳೇ ಅಲ್ಲ, ಆ ಕೆಲಸಕ್ಕೆ ಸೇರುವ ಎಲ್ಲರೂ ಓದಲಿ.

ನನ್ನ ಹೆಸರು ನಿಂಗೇಗೌಡ. ಮಳವಳ್ಳಿ ಕಡೆ ಎಲ್ಲರೂ ಕರೆಯುತ್ತಿದ್ದದ್ದು ತಕ್ಕಡಿ ಗೌಡ ಅಂತ. ಆ ಹೆಸರು ಹೆಲಿಕಾಪ್ಟರಿನಿಂದ ಬಂದದ್ದಲ್ಲ. ಅದಕ್ಕೂ ಮೊದಲು ಮಂಡ್ಯದ ಒಂದು ಬೆಲ್ಲದ ಮಂಡಿಯಲ್ಲಿ ಹನ್ನೊಂದು ವರ್ಷ ತೂಗಿದವನು ನಾನು. ಆಲೆಮನೆಯಿಂದ ಬೆಲ್ಲ ಬಂದರೆ ಅದರ ತೇವಕ್ಕೆ ಇಷ್ಟು, ಚೀಲಕ್ಕೆ ಇಷ್ಟು ಅಂತ ಕಳೆದು ಬರೆಯಬೇಕು. ಮುಳ್ಳು ನೂರು ತೋರಿಸಿದರೆ ಕೈ ತಾನಾಗೇ ತೊಂಬತ್ತೇಳು ಬರೆಯೋದು. ಕಣ್ಣು ಒಂದು ನೋಡುತ್ತಿತ್ತು, ಕೈ ಇನ್ನೊಂದು ಬರೆಯುತ್ತಿತ್ತು. ಅದು ಮೋಸ ಅಂತ ಯಾರಿಗೂ ಅನ್ನಿಸುತ್ತಿರಲಿಲ್ಲ, ಮಂಡಿಯ ಪದ್ಧತಿ ಅದು.

ಮಿಷನ್ ಆಸ್ಪತ್ರೆ ಇದ್ದದ್ದು ಮಳವಳ್ಳಿ ಆಚೆ, ಕಬ್ಬಿನ ಗದ್ದೆಗಳ ನಡುವೆ. ಹೊಳೆಯ ಆಚೆಗಿನ ಬೆಟ್ಟಗಳಲ್ಲಿ ರಸ್ತೆಯಿಲ್ಲದ ದೊಡ್ಡಿಗಳು, ಅಂದರೆ ಪುಟ್ಟ ಹಳ್ಳಿಗಳು, ಎಷ್ಟೋ ಇದ್ದವು. ಅಲ್ಲಿ ಹೆರಿಗೆ ಕಷ್ಟವಾದರೆ ಹೆಂಗಸನ್ನು ಕಂಬಳಿ ಜೋಲಿಯಲ್ಲಿ ಹೊತ್ತು ಆನೆ ದಾರಿಯಲ್ಲಿ ಒಂದು ಹಗಲೆಲ್ಲಾ ಇಳಿಯಬೇಕಿತ್ತು. ಅರ್ಧ ಜನ ದಾರಿಯಲ್ಲೇ ಸಾಯುತ್ತಿದ್ದರು. ಅದನ್ನು ನೋಡಲಾರದೆ ಆಸ್ಪತ್ರೆಯವರು ಎಲ್ಲೆಲ್ಲೋ ಬೇಡಿ ಒಂದು ಹಳೇ ಹೆಲಿಕಾಪ್ಟರ್ ತಂದರು. ಅದಕ್ಕೆ ತೂಗುವವನೊಬ್ಬ ಬೇಕಾಗಿದ್ದ.

ನಾನು ಅಲ್ಲಿ ಸೇರಿದ್ದಕ್ಕೆ ಊರಲ್ಲಿ ಏನು ಕಮ್ಮಿ ಮಾತಾ! ನಮ್ಮ ಭಾವಮೈದ ಜವರೇಗೌಡ ಅರಳಿಕಟ್ಟೆ ಮೇಲೆ ಕೂತು, "ಏನ್ಲಾ ನಿಂಗ, ಬೆಲ್ಲ ಬುಟ್ಟು ಮನುಸರನ್ನ ತೂಗೋಕೆ ಓದ್ಯಂತಲ್ಲ? ನಾಳೆ ಸಿಲುಬೆ ಆಕ್ಕೊಂಡು ಬತ್ತೀಯೇನ್ಲಾ?" ಅಂತ ಎಲ್ಲರ ಮುಂದೆ ರೇಗಿಸಿದ. "ಬತ್ತೀನಿ ಕಣ್ಲಾ, ಮೊದ್ಲು ನಿನ್ನ ತೂಗ್ತೀನಿ, ನೀನು ಕೂತ್ರೆ ಆ ಹೆಲಿಕಾಪ್ಟರ್ರು ನೆಲನೇ ಬುಡಕಿಲ್ಲ" ಅಂದೆ. ನಿಜ ಹೇಳಬೇಕೆಂದರೆ ಅಷ್ಟು ವರ್ಷದಲ್ಲಿ ನನ್ನ ದೇವರ ವಿಚಾರಕ್ಕೆ ಅಲ್ಲಿ ಯಾರೂ ಬರಲಿಲ್ಲ. ದೊಡ್ಡ ಸಿಸ್ಟರ್ ಅಂತ ಇದ್ದರು, ಮಂಗಳೂರು ಕಡೆಯವರು. ಅವರೇ ಡಾಕ್ಟರು, ಅವರೇ ಯಜಮಾನಿ. ಮೊದಲ ದಿನ ನನಗೆ ಹೇಳಿದ್ದು ಒಂದೇ ಮಾತು: "ನಿಂಗೇಗೌಡರೇ, ನೀವು ಬರೆದದ್ದನ್ನು ನಾವು ನಂಬುತ್ತೇವೆ. ಯಾಕೆಂದರೆ ಅದನ್ನು ಪರೀಕ್ಷೆ ಮಾಡಲು ಇಲ್ಲಿ ಇನ್ನೊಬ್ಬರಿಲ್ಲ."

ಕೆಲಸ ಏನು ಅಂತ ಹೇಳುತ್ತೇನೆ. ಹತ್ತುವ ಪ್ರತಿಯೊಬ್ಬರನ್ನೂ ತಕ್ಕಡಿ ಮೇಲೆ ನಿಲ್ಲಿಸಬೇಕು. ಔಷಧಿ ಡಬ್ಬ, ಚೀಲ, ಸ್ಟ್ರೆಚರ್, ಚಪ್ಪಲಿ, ಎಲ್ಲವನ್ನೂ ತೂಗಬೇಕು. ಕೂಡಿಸಿ ಚೀಟಿಯಲ್ಲಿ ಬರೆದು ಪೈಲಟ್ ಕೈಗೆ ಕೊಡಬೇಕು. ಬಿಸಿಲು ಏರಿದಷ್ಟೂ, ಬೆಟ್ಟ ಎತ್ತರವಾದಷ್ಟೂ ಗಾಳಿ ತೆಳ್ಳಗಾಗುತ್ತದೆ, ರೆಕ್ಕೆಗೆ ಹಿಡಿತ ಸಿಗುವುದಿಲ್ಲ, ಹೊರುವ ಭಾರ ಕಡಿಮೆಯಾಗುತ್ತದೆ. ಬೆಳಿಗ್ಗೆ ಹೊತ್ತದ್ದನ್ನು ಮಧ್ಯಾಹ್ನ ಹೊರುವುದಿಲ್ಲ. ಆಮೇಲೆ ಎಲ್ಲರಿಗೂ ಬೆಲ್ಟು ಬಿಗಿಯಬೇಕು. ಯಾರೂ ಕೂರದ ಸೀಟಿನ ಬೆಲ್ಟನ್ನೂ ಬಿಗಿಯಬೇಕು, ಇಲ್ಲದಿದ್ದರೆ ಅದು ಹಾರಿ ಬಾಗಿಲಿಗೆ ಹೊಡೆದುಕೊಳ್ಳುತ್ತದೆ.

ಜನರನ್ನು ತೂಗುವುದು ಬೆಲ್ಲ ತೂಗಿದಷ್ಟು ಸಲೀಸಲ್ಲ. ಬಸುರಿಯರು ತಕ್ಕಡಿ ಹತ್ತಲ್ಲ ಅನ್ನೋರು, ದೃಷ್ಟಿಯಾಗುತ್ತೆ ಅಂತ. ಒಬ್ಬ ಮುದುಕಿ ಸೆರಗಿನೊಳಗೆ ಜೀವಂತ ಕೋಳಿ ಮುಚ್ಚಿಟ್ಟುಕೊಂಡು ನಿಂತಿದ್ದಳು, ಡಾಕ್ಟ್ರಮ್ಮನಿಗೆ ಕೊಡೋಕಂತೆ. ಕೋಳಿ ಕೂಗಿದಾಗಲೇ ಗೊತ್ತಾದದ್ದು. "ಅದೇನು ಮಾ ಬಾರವಾ, ಬರ್ಕೋಬ್ಯಾಡ ಬುಡಪ್ಪ" ಅಂದಳು. ನಾನೂ ನಕ್ಕು ಬಿಟ್ಟುಬಿಟ್ಟೆ. ಇದೇ ನನ್ನ ರೋಗವಾಗಿತ್ತು. ಒದ್ದೆ ಸೀರೆಗೆ ಒಂದು ಕೆಜಿ, ಗಂಟಿಗೆ ಎರಡು, ಪಾಪ ಅಂತ ಇನ್ನೊಂದು, ಹೀಗೆ ಮಂಡಿಯಲ್ಲಿ ಕಳೆದ ಹಾಗೆ ಇಲ್ಲೂ ಕಳೆದು ಬರೆಯುತ್ತಿದ್ದೆ.

ಅದರ ಫಲ ಬಂದದ್ದು ಒಂದು ಏಪ್ರಿಲ್ ತಿಂಗಳ ಮಧ್ಯಾಹ್ನ. ಆರು ಜನ, ಲಸಿಕೆ ಡಬ್ಬಗಳು. ಹೆಲಿಕಾಪ್ಟರ್ ನಮ್ಮ ಅಂಗಳದಿಂದ ಎದ್ದಿತು, ಒಂದಾಳೆತ್ತರ ಹೋಯಿತು, ತೂಗಾಡಿತು, ಮುಂದಕ್ಕೆ ಜಾರಿ ಬೇಲಿ ದಾಟಿ ಪಕ್ಕದ ಕಬ್ಬಿನ ಗದ್ದೆಯೊಳಗೆ ಕುಕ್ಕರಿಸಿತು. ದೇವರ ದಯೆ, ಯಾರೂ ಸಾಯಲಿಲ್ಲ. ಆದರೆ ನಮ್ಮ ನರ್ಸ್ ಗ್ರೇಸಿಯ ಎಡಗೈ ಮಣಿಕಟ್ಟು ಮುರಿಯಿತು. ಆ ಹುಡುಗಿ ಮಳವಳ್ಳಿಯವಳೇ, ಆಗಿನ್ನೂ ಇಪ್ಪತ್ತಾರು ವರ್ಷ. ಕೈ ಸೊಟ್ಟಗೇ ಕೂಡಿಕೊಂಡಿತು.

ಪೈಲಟ್ ಸೈನ್ಯದಿಂದ ನಿವೃತ್ತನಾದ ಉತ್ತರದ ಮನುಷ್ಯ. ನಾವು ಕ್ಯಾಪ್ಟನ್ ಅಂತಲೇ ಕರೆಯುತ್ತಿದ್ದೆವು. ಕಬ್ಬಿನೊಳಗಿಂದ ಎದ್ದು ಬಂದವನೇ ಎಲ್ಲರನ್ನೂ ಮತ್ತೆ ತೂಗಿಸಿದ. ಚೀಟಿಗೂ ಮುಳ್ಳಿಗೂ ಹತ್ತೊಂಬತ್ತು ಕೆಜಿ ವ್ಯತ್ಯಾಸ. "ಕ್ಯಾ ಹೈ ಯೇ?" ಅಂದ. ನಾನು ಮಂಡಿಯ ಕಥೆ, ತೇವದ ಕಥೆ ಹೇಳಿದೆ. ಅವನು ತನ್ನ ಹರಕು ಕನ್ನಡದಲ್ಲಿ, "ಮನುಷ್ಯ ಬೆಲ್ಲ ಇಲ್ಲ, ನಿಂಗ! ಬೆವರು ಬಂದ್ರೆ ತೂಕ ಹೋಗಲ್ಲ!" ಅಂತ ಕಿರುಚಿದ. ದೊಡ್ಡ ಸಿಸ್ಟರ್ ನನ್ನನ್ನು ಓಡಿಸುತ್ತಾರೆ ಅಂದುಕೊಂಡೆ. ಅವರು ಓಡಿಸಲಿಲ್ಲ. ಗ್ರೇಸಿಗೆ ಪಟ್ಟಿ ಕಟ್ಟುವಾಗ ಕೈ ಹಿಡಿದುಕೊಳ್ಳಲು ನನ್ನನ್ನೇ ಕರೆದರು. ಅವಳು ಅತ್ತ ಅಳು ಇವತ್ತಿಗೂ ಕಿವಿಯಲ್ಲಿದೆ.

ಹೆಲಿಕಾಪ್ಟರ್ ರಿಪೇರಿಯಾಗಿ ಮತ್ತೆ ಹಾರತೊಡಗಿದ ದಿನದಿಂದ ನಾನು ಉಲ್ಟಾ ತಿರುಗಿದೆ. ಇದನ್ನು ಗಮನವಿಟ್ಟು ಓದವ್ವ ಸೌಮ್ಯ, ಯಾಕೆಂದರೆ ನಾನು ಮಾಡಿದ ದೊಡ್ಡ ತಪ್ಪು ಕಬ್ಬಿನ ಗದ್ದೆಯದಲ್ಲ, ಇದು. ಕಡಿಮೆ ಬರೆದದ್ದಕ್ಕೆ ಗ್ರೇಸಿಯ ಕೈ ಹೋಯಿತಲ್ಲ, ಇನ್ನು ಮೇಲೆ ಜಾಸ್ತಿ ಬರೆದರೆ ಯಾರಿಗೂ ಏನೂ ಆಗೋದಿಲ್ಲ ಅಂದುಕೊಂಡೆ. ಒಬ್ಬೊಬ್ಬರಿಗೂ ಮೂರು ನಾಲ್ಕು ಕೆಜಿ ಸೇರಿಸಿ ಬರೆಯತೊಡಗಿದೆ. ಯಾರಿಗೂ ಹೇಳಲಿಲ್ಲ. ಒಳಗೊಳಗೇ ಪುಣ್ಯದ ಕೆಲಸ ಮಾಡುತ್ತಿದ್ದೇನೆ ಅಂತ ಬೀಗುತ್ತಿದ್ದೆ. ಕ್ಯಾಪ್ಟನ್ ಕೂಡ, "ಈಗ ಮಷೀನ್ ಹಗುರ ಏಳ್ತಾ ಇದೆ" ಅಂತ ಮೆಚ್ಚಿಕೊಂಡ. ಅಂಗಡಿಯವನು ಕೊಸರು ಹಾಕಿದ ಹಾಗೆ ನಾನು ಸುಳ್ಳನ್ನು ಕೊಸರು ಹಾಕುತ್ತಿದ್ದೆ.

ನಡುವೆ ಒಂದು ಪ್ರಸಂಗ ಹೇಳಬೇಕು, ಇದಕ್ಕೂ ಅದಕ್ಕೂ ನೇರ ಸಂಬಂಧ ಇಲ್ಲ, ಆದರೂ ಮನಸ್ಸಿನಿಂದ ಹೋಗುತ್ತಿಲ್ಲ. ರಿಪೇರಿಗೆ ಹೆಲಿಕಾಪ್ಟರ್ ಬೆಂಗಳೂರಿಗೆ ಹೋಗುವಾಗ ಕೊಕ್ಕರೆ ಬೆಳ್ಳೂರಿನ ಮೇಲೆ ಹಾರಬಾರದು, ಹಕ್ಕಿ ಗೂಡು ಕಟ್ಟುವ ಕಾಲದಲ್ಲಿ ಸುತ್ತಿಕೊಂಡು ಹೋಗಬೇಕು ಅಂತ ನಾನೇ ಹೇಳಿದ್ದೆ. ರಜೆಯ ಮೇಲೆ ಹೋಗಿದ್ದ ಕ್ಯಾಪ್ಟನ್ ಬದಲಿಗೆ ಬಂದಿದ್ದ ಬೇರೊಬ್ಬ ಪೈಲಟ್ ಕೇಳಲಿಲ್ಲ, ಊರಿನ ಮೇಲೇ ತಗ್ಗಿನಲ್ಲಿ ಹೋದ. ಎರಡು ದಿನ ಬಿಟ್ಟು ಅಲ್ಲಿಯ ಒಬ್ಬ ಅಜ್ಜಿ ಬಸ್ಸು ಬದಲಾಯಿಸಿಕೊಂಡು ಮಳವಳ್ಳಿಗೆ ಬಂದು, ನಮ್ಮ ಅಂಗಳಕ್ಕೆ ನಡೆದು ಬಂದಳು. ಕಂಕುಳಲ್ಲಿ ಒಂದು ಕುಕ್ಕೆ. ಅದರಲ್ಲಿ ಮೂರು ಕೊಕ್ಕರೆ ಮರಿ, ಸತ್ತು ಸೆಟೆದಿದ್ದವು. ತಾಯಿಹಕ್ಕಿಗಳು ಬೆದರಿ ಎದ್ದಾಗ ಹುಣಸೆಮರದಿಂದ ಉದುರಿದವಂತೆ.

"ಅವು ನಮ್ಮೂರ್ಗೆ ಬಾಣಂತನಕ್ಕೆ ಬರೋ ಎಣ್ಮಕ್ಕಳು ಕಣಪ್ಪ. ಬಾಣಂತಿ ಕಾಪಾಡೋರು ನೀವೇಯ ಇಂಗೆ ಮಾಡುದ್ರೆ ಎಂಗೆ?" ಅಂದಳು. ಮರಿಗಳನ್ನು ನನ್ನ ತಕ್ಕಡಿ ಮೇಲೆ ಇಟ್ಟಳು. "ಎಲ್ಲಾರ್ನೂ ತೂಗ್ತೀಯಂತಲ್ಲ, ಇವನ್ನೂ ತೂಗು. ಬರ್ಕೋ."

ಮುಳ್ಳು ಸ್ವಲ್ಪ ಅಲ್ಲಾಡಿ ನಿಂತಿತು. ನಾನು ಬರೆದುಕೊಂಡೆ. ಅಜ್ಜಿಗೆ ನೀರು ಕೊಟ್ಟೆ, ಕುಡಿಯಲಿಲ್ಲ. ಅವತ್ತು ಮಾತ್ರ ನಾನು ಒಂದು ಗುಂಜಿ ಕೂಡಿಸದೆ, ಕಳೆಯದೆ ಬರೆದೆ.

ಈಗ ಈಚಲದೊಡ್ಡಿಯ ವಿಷಯ. ಬೆಟ್ಟದ ಮೇಲಿನ ಮೂವತ್ತು ಗುಡಿಸಲ ಊರು ಅದು. ಕುಡಿಯುವ ಗುಂಡಿಯ ನೀರು ಕೆಟ್ಟು ವಾಂತಿ ಭೇದಿ ಹಬ್ಬಿತ್ತು. ಸುದ್ದಿ ಬಂದ ಕೂಡಲೇ ಕ್ಯಾಪ್ಟನ್, ಗ್ರೇಸಿ, ನಾನು ಹೋದೆವು. ಇಳಿದಾಗ ಹೊತ್ತು ನೆತ್ತಿಗೆ ಬಂದಿತ್ತು. ಗ್ರೇಸಿ ಸೊಟ್ಟ ಕೈಯಲ್ಲೇ ಗುಡಿಸಲಿಂದ ಗುಡಿಸಲಿಗೆ ಓಡಾಡಿ, ಹಲವರಿಗೆ ಅಲ್ಲೇ ಔಷಧಿ ಕೊಟ್ಟು, ಮೂವರನ್ನು ಆಸ್ಪತ್ರೆಗೆ ಒಯ್ಯಲೇಬೇಕು ಅಂದಳು. ಒಬ್ಬ ನಡುವಯಸ್ಸಿನ ಗಂಡಸು, ಅವನಿಗೆ ಪ್ರಜ್ಞೆಯೇ ಇರಲಿಲ್ಲ. ಒಬ್ಬ ಬಸುರಿ. ಮೂರನೆಯವಳು ಮಾದೇವಿ, ಕೇತಮ್ಮ ಅನ್ನುವ ಹೆಂಗಸಿನ ಒಬ್ಬಳೇ ಮಗಳು, ಇಪ್ಪತ್ತೆರಡು ವರ್ಷವಿರಬಹುದು. ಮೂರು ದಿನದಿಂದ ಮಲಗಿದ್ದಳು, ಕಣ್ಣು ಗುಳಿ ಬಿದ್ದಿತ್ತು, ಆದರೂ ಅವ್ವನ ತೋಳು ಹಿಡಿದುಕೊಂಡು ತಾನೇ ನಡೆದು ಬಂದು ತಕ್ಕಡಿ ಹತ್ತಿದಳು.

ಮುಳ್ಳು ನಲವತ್ತನಾಲ್ಕು ತೋರಿಸಿತು. ನಾನು ನಲವತ್ತೆಂಟು ಬರೆದೆ.

ಕೂಡಿಸಿ ಚೀಟಿ ಕೊಟ್ಟೆ. ಗ್ರೇಸಿ, ನಾನು, ಮೂವರು ರೋಗಿಗಳು, ಸ್ಟ್ರೆಚರ್, ಚೀಲ, ಎಲ್ಲಾ ಸೇರಿ ಮುನ್ನೂರ ಇಪ್ಪತ್ತೊಂದು. ಕ್ಯಾಪ್ಟನ್ ಬಿಸಿಲು ನೋಡಿದ, ಮುಂದಿದ್ದ ಕಮರಿ ನೋಡಿದ, ಲೆಕ್ಕ ಹಾಕಿದ. "ಮುನ್ನೂರಕ್ಕಿಂತ ಒಂದು ಕೆಜಿ ಜಾಸ್ತಿ ಆಗಲ್ಲ. ಒಬ್ಬರು ಇಳೀಬೇಕು" ಅಂದ.

ನಾನು ಇಳಿಯುವ ಹಾಗಿರಲಿಲ್ಲ. ಇಬ್ಬರಿಗೆ ಸಲೈನ್ ಹಾಕಿತ್ತು, ಒಂದು ಬಾಟಲಿ ಗ್ರೇಸಿ ಎತ್ತಿ ಹಿಡಿಯಬೇಕು, ಇನ್ನೊಂದು ನಾನು. ರೋಗಿಗಳಲ್ಲಿ ಒಬ್ಬರನ್ನು ಬಿಡಬೇಕು. ಮಾತಾಡುವ ಶಕ್ತಿ ಇದ್ದದ್ದು ಮಾದೇವಿಗೆ ಮಾತ್ರ. ಅದೇ ಅವಳಿಗೆ ಮುಳುವಾಯಿತು. "ನಾನು ಆಮೇಕೆ ಬತ್ತೀನಿ ಬುಡಿ, ಅವ್ರನ್ನ ಕರ್ಕೊಂಡೋಗಿ" ಅಂದಳು. ಒಂದೂವರೆ ಗಂಟೆಯಲ್ಲಿ ವಾಪಸ್ ಬರುತ್ತೇವೆ, ಉಪ್ಪು ಸಕ್ಕರೆ ನೀರು ಕುಡಿಸುತ್ತಲೇ ಇರಿ ಅಂತ ಗ್ರೇಸಿ ಕೇತಮ್ಮನಿಗೆ ಹೇಳಿಕೊಟ್ಟಳು.

ನನ್ನ ತಲೆಯಲ್ಲಿ ಆಗ ಇನ್ನೊಂದು ಲೆಕ್ಕ ಓಡುತ್ತಿತ್ತು. ಒಬ್ಬೊಬ್ಬರಿಗೂ ಮೂರೋ ನಾಲ್ಕೋ, ಸಾಮಾನಿಗೆ ಐದು, ಎಲ್ಲಾ ಸೇರಿ ನಾನು ಹಾಕಿದ ಕೊಸರು ಇಪ್ಪತ್ತಮೂರು ಕೆಜಿ. ನಿಜವಾದ ತೂಕ ಇನ್ನೂರ ತೊಂಬತ್ತೆಂಟು. ಮಾದೇವಿ ಹತ್ತಿದ ಮೇಲೂ ಎರಡು ಕೆಜಿ ಮಿಗುತ್ತಿತ್ತು. "ಸಾರ್, ಚೀಟಿ ತಪ್ಪು, ಜಾಸ್ತಿ ಬರೆದಿದ್ದೇನೆ" ಅಂತ ಒಂದು ಮಾತು ಹೇಳಬೇಕಿತ್ತು. ಬಾಯಿ ತೆರೆಯಲಿಲ್ಲ. ಹೇಳಿದರೆ ಇಷ್ಟು ವರ್ಷದ ಚೀಟಿಗಳೆಲ್ಲಾ ಸುಳ್ಳು ಅಂತಾಗುತ್ತದೆ. ಕಬ್ಬಿನ ಗದ್ದೆ ನೆನಪಾಯಿತು, ಮರ್ಯಾದೆ ನೆನಪಾಯಿತು. ಒಂದೂವರೆ ಗಂಟೆ ತಾನೇ ಅಂತ ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಅಷ್ಟರಲ್ಲಿ ಬಾಗಿಲು ಹಾಕಿಕೊಂಡಿತು. ನಾನೇ ಹಾಕಿದ್ದು.

ಮಾದೇವಿ ಬಂಡೆಗೆ ಒರಗಿ ಕೂತು, ಧೂಳಿಗೆ ಸೆರಗು ಅಡ್ಡ ಹಿಡಿದುಕೊಂಡು ನಮ್ಮನ್ನು ನೋಡುತ್ತಿದ್ದಳು.

ನಾವು ರೋಗಿಗಳನ್ನು ಇಳಿಸಿ, ಎಣ್ಣೆ ಹಾಕಿಕೊಂಡು ತಿರುಗಿ ಹೊಳೆ ದಾಟುವ ಹೊತ್ತಿಗೆ ಬೆಟ್ಟದ ಮೇಲೆ ಮೋಡ ಕವಿದು ಕೂತಿತ್ತು. ಕ್ಯಾಪ್ಟನ್ ಮೂರು ಕಡೆಯಿಂದ ನುಗ್ಗಲು ನೋಡಿದ. ಈಚಲದೊಡ್ಡಿ ಇರುವ ಜಾಗದಲ್ಲಿ ಬರೀ ಬಿಳಿ. ಆಮೇಲೆ ಮಳೆಯೇ ಶುರುವಾಯಿತು. ವಾಪಸ್ ಬಂದೆವು. ಮಾರನೇ ದಿನ ಬೆಳಿಗ್ಗೆ ಮೋಡ ಹರಿದ ತಕ್ಷಣ ಹೋದೆವು.

ಅದೇ ಬಂಡೆಯ ಪಕ್ಕ ಅವಳನ್ನು ಕಂಬಳಿ ಹೊದಿಸಿ ಮಲಗಿಸಿದ್ದರು. ಗ್ರೇಸಿ ಕಂಬಳಿ ಸರಿಸಿ ನೋಡಿ ಅಲ್ಲೇ ಕುಸಿದು ಕೂತಳು. ನಾನು ತಕ್ಕಡಿ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದೆ, ಅದನ್ನು ಎಲ್ಲಿ ಬಚ್ಚಿಡಬೇಕೋ ತಿಳಿಯಲಿಲ್ಲ. ಕೇತಮ್ಮ ನನ್ನ ಹತ್ತಿರ ಬಂದಳು. ಬೈಯುತ್ತಾಳೆ ಅಂದುಕೊಂಡೆ. ಅವಳು ಬೈಯಲಿಲ್ಲ, ಕೇಳಿದಳು. ಗೊತ್ತಿಲ್ಲದವರು ಗೊತ್ತಿದ್ದವರನ್ನು ಕೇಳುವ ಹಾಗೇ ಕೇಳಿದಳು.

"ಮೂರ್ ದಿನದಿಂದ ಅವಳ ಒಟ್ಟೇಲಿ ಒಂದಗುಳೂ ಇರ್ನಿಲ್ಲ ಕಣಪ್ಪ. ಇದ್ದುದ್ದೆಲ್ಲಾ ನೀರಾಗಿ ಓಗಿತ್ತು. ಅವಳ ಮೈಯಾಗೆ ಅಷ್ಟು ಬಾರ ಎಲ್ಲಿತ್ತು, ಏಳು?"

ಕ್ಯಾಪ್ಟನ್‌ಗೆ ಅರ್ಥವಾಗಲಿಲ್ಲ. "ಏನು ಹೇಳ್ತಾಳೆ?" ಅಂತ ನನ್ನನ್ನು ಕೇಳಿದ. "ಅಳ್ತಾವಳೆ ಸಾರ್" ಅಂದೆ. ಎಂಥಾ ಪಾಪಿ ನಾನು.

ಹೊಳೆ ದಾಟಿ ಬರುವಾಗ ತಡೆಯಲಾಗಲಿಲ್ಲ. ಕಿವಿಗೆ ಹಾಕಿಕೊಂಡ ಮೈಕಿನಲ್ಲೇ ಕ್ಯಾಪ್ಟನ್‌ಗೆ ಎಲ್ಲಾ ಹೇಳಿದೆ. ಕೇತಮ್ಮ ಕೇಳಿದ್ದನ್ನೂ ಹೇಳಿದೆ. ಗ್ರೇಸಿಗೂ ಕೇಳಿಸುತ್ತಿತ್ತು. ಅವಳು ನನ್ನ ಕಡೆ ತಿರುಗಲಿಲ್ಲ. ಆಮೇಲೆ ಕ್ಯಾಪ್ಟನ್ ಹೇಳಿದ: ಕಬ್ಬಿನ ಗದ್ದೆಯ ದಿನದಿಂದ ಅವನಿಗೆ ನನ್ನ ಚೀಟಿಯ ಮೇಲೆ ನಂಬಿಕೆಯೇ ಹೋಗಿತ್ತಂತೆ. ನಾನು ಕಡಿಮೆ ಬರೆದಿರುತ್ತೇನೆ ಅಂತ ತಾನೇ ಇಪ್ಪತ್ತು ಕೆಜಿ ಬಿಟ್ಟು ಲೆಕ್ಕ ಹಾಕುತ್ತಿದ್ದನಂತೆ. ಮುನ್ನೂರು ಅಂತ ಅವನು ಹೇಳಿದ್ದು ನಿಜವಾಗಿ ಮುನ್ನೂರ ಇಪ್ಪತ್ತು. ನನ್ನ ಸುಳ್ಳಿನ ಮೇಲೆ ಅವನ ಸುಳ್ಳು. ಅವನೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ನಲವತ್ತು ಕೆಜಿಗೂ ಮೀರಿದ ಬರೀ ಹೆದರಿಕೆಯನ್ನು ಹೊತ್ತುಕೊಂಡು, ನಲವತ್ತನಾಲ್ಕು ಕೆಜಿಯ ಹೆಣ್ಣನ್ನು ಬಂಡೆಯ ಪಕ್ಕ ಬಿಟ್ಟು ಬಂದಿದ್ದೆವು.

ದೊಡ್ಡ ಸಿಸ್ಟರ್ ಮುಂದೆ ಇಬ್ಬರೂ ನಿಂತು ಒಪ್ಪಿಕೊಂಡೆವು. ನಾನು ಕೆಲಸ ಬಿಡುತ್ತೇನೆ ಅಂದೆ. "ಬಿಟ್ಟರೆ ನಿಮಗೆ ಹಗುರವಾಗುತ್ತದೆ, ಬಿಡಬೇಡಿ" ಅಂದರು. ಅವತ್ತಿನಿಂದ ಪದ್ಧತಿ ಬದಲಾಯಿತು. ತೂಕವನ್ನು ಎಲ್ಲರಿಗೂ ಕೇಳುವ ಹಾಗೆ ಕೂಗಿ ಹೇಳಬೇಕು, ಇನ್ನೊಬ್ಬರು ಮುಳ್ಳು ನೋಡಿ ಮತ್ತೆ ಕೂಗಬೇಕು, ಆಮೇಲೆ ಬರೆಯಬೇಕು. ಅಪಾಯ ಆಗದಿರಲಿ ಅಂತ ಬಿಟ್ಟುಕೊಳ್ಳುವ ತೂಕ ಎಷ್ಟು ಅನ್ನುವುದನ್ನು ಪೈಲಟ್ ಒಬ್ಬನೇ, ಒಂದೇ ಸಲ, ಚೀಟಿಯಲ್ಲೇ ಬರೆಯಬೇಕು. ಮುಂದೆ ಅಂಕಿ ತೋರಿಸುವ ಕರೆಂಟಿನ ತಕ್ಕಡಿ ಬಂದರೂ ಕೂಗುವುದನ್ನು ನಾವು ಬಿಡಲಿಲ್ಲ. ಎರಡನೇ ಸಲ ಕೂಗುವ ಕೆಲಸವನ್ನು ಗ್ರೇಸಿ ತಾನೇ ತೆಗೆದುಕೊಂಡಳು. ಅದು ಬಿಟ್ಟು ನನ್ನ ಜೊತೆ ಅವಳು ಬೇರೆ ಮಾತಾಡಲು ಒಂದು ವರ್ಷವೇ ಹಿಡಿಯಿತು.

ನಾನು ನಿವೃತ್ತನಾಗುವ ವರ್ಷ ಕಣ್ಣಿನ ಪೊರೆ ತೆಗೆಸಲು ಬೆಟ್ಟದ ಮುದುಕರನ್ನು ಕರೆತರುತ್ತಿದ್ದೆವು. ಈಚಲದೊಡ್ಡಿಯಿಂದ ನಾಲ್ಕು ಹೆಸರು ಬಂದಿದ್ದವು, ಒಂದು ಕೇತಮ್ಮನದು. ಎರಡು ಕಣ್ಣೂ ಮಂಜಾಗಿದ್ದವು. ನೆರೆಯ ಹೆಂಗಸು ಕೈಹಿಡಿದು ತಂದು ತಕ್ಕಡಿ ಮೇಲೆ ನಿಲ್ಲಿಸಿದಳು. ರೆಕ್ಕೆ ನಿಂತಿತ್ತು, ಊರು ಮೌನವಾಗಿತ್ತು.

"ಮೂವತ್ತೊಂಬತ್ತು!" ಅಂತ ಕೂಗಿದೆ. ಗ್ರೇಸಿಯೂ ಕೂಗಿದಳು.

ಕೇತಮ್ಮ ಧ್ವನಿ ಬಂದ ಕಡೆ ಮುಖ ತಿರುಗಿಸಿದಳು. "ನೀನು ಅವತ್ತು ತೂಗ್ದೋನಲ್ವಾ?"

"ಊಂ ಕಣವ್ವ."

"ಇವತ್ತು ಸರ್ಯಾಗಿ ನೋಡ್ದಾ?"

"ನೋಡ್ದೆ ಕಣವ್ವ."

"ಅವತ್ತು?"

ಹೂಂ ಅಂದುಬಿಡಬಹುದಿತ್ತು. ಹೂಂ ಅಂದಿದ್ದರೆ ಆ ತಾಯಿ ಹೆಲಿಕಾಪ್ಟರ್ ಹತ್ತುತ್ತಿದ್ದಳು, ಕಣ್ಣು ಬರುತ್ತಿತ್ತು. ಅದನ್ನು ಯೋಚಿಸಿಯೇ ಇವತ್ತಿಗೂ ಒದ್ದಾಡುತ್ತೇನೆ. ಆದರೆ ಆ ಊರಿನಲ್ಲಿ ನಿಂತು ಇನ್ನೊಂದು ಸುಳ್ಳು ಹೇಳಲು ನನ್ನ ಕೈಲಾಗಲಿಲ್ಲ.

"ಇಲ್ಲ ಕಣವ್ವ" ಅಂದೆ. "ಅವಳು ನಲವತ್ನಾಲ್ಕಿದ್ಲು. ನಾನು ನಲವತ್ತೆಂಟು ಬರ್ದೆ. ಎಲ್ಲಾರ್ಗೂ ಅಂಗೇ ಬರ್ದಿದ್ದೆ. ಜಾಗ ಇತ್ತು ಕಣವ್ವ. ಅವಳು ಬರ್ಬೋದಿತ್ತು."

ಅವಳು ಕೂಗಾಡಲಿಲ್ಲ, ಮಣ್ಣು ತೂರಲಿಲ್ಲ. ಕೆನ್ನೆಗೆ ಬಾರಿಸಿದ್ದರೆ ಎಷ್ಟೋ ಚೆನ್ನಾಗಿತ್ತು. ಕಾಲಿನಲ್ಲಿ ತಡವಿ ತಕ್ಕಡಿಯ ಅಂಚು ಹುಡುಕಿ ಕೆಳಗಿಳಿದಳು. ತನ್ನ ಗಂಟು ಕೇಳಿ ಇಸಿದುಕೊಂಡಳು.

"ಅಂಗಾದ್ರೆ ಆ ಜಾಗ ಅಂಗೇ ಇರ್ಲಿ ಬುಡು" ಅಂದಳು.

ಗ್ರೇಸಿ ಹಿಂದೆ ಓಡಿ ಕಾಲು ಹಿಡಿದು ಕೇಳಿಕೊಂಡಳು. ಕೇತಮ್ಮ ಅವಳ ಸೊಟ್ಟ ಕೈಯನ್ನು ಒಮ್ಮೆ ಸವರಿ ಬಿಟ್ಟು, ನೆರೆಯವಳ ಭುಜ ಹಿಡಿದು ಗುಡಿಸಲ ಕಡೆ ನಡೆದಳು. ಕ್ಯಾಪ್ಟನ್ ಕಿಟಕಿಯಿಂದ ಕೈ ಚಾಚಿ, "ನಾಲ್ಕನೆಯವರು ಎಷ್ಟು?" ಅಂದ. "ಸೊನ್ನೆ" ಅಂತ ಕೂಗಿದೆ. ಎರಡನೇ ಸಲ ಕೂಗಬೇಕಿದ್ದ ಗ್ರೇಸಿ ಕೂಗಲಿಲ್ಲ.

ಮೂವರನ್ನು ಹತ್ತಿಸಿ ಬೆಲ್ಟು ಬಿಗಿದೆ. ಆಮೇಲೆ ಖಾಲಿ ಸೀಟಿನ ಬೆಲ್ಟನ್ನೂ ಬಿಗಿದೆ.